ಚೋಂದಮ್ಮನ ಪಾಲಿನ ಈಡು

ಮಂದೇಟಂಡ ಚೋಂದಮ್ಮ ಹುಟ್ಟಿದ ದಿನ ನಮ್ಮೂರು ಕಡಂಗೇರಿಯಲ್ಲಿ ಏನೂ ಕೇಳಿಸಲಿಲ್ಲ. ಗಂಡು ಹುಟ್ಟಿದ್ದರೆ ಅಂಗಳದಲ್ಲಿ ನಿಂತು ಕೋವಿಯಿಂದ ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರು. ಗದ್ದೆಯಲ್ಲಿದ್ದವರು, ಕಾಫಿ ತೋಟದಲ್ಲಿದ್ದವರು ತಲೆಯೆತ್ತಿ, ‘ಓ, ಮಂದೇಟಂಡದವರಿಗೆ ಗಂಡು’ ಎಂದು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ಹೆಣ್ಣಿಗೆ ಆ ಪದ್ಧತಿಯಿಲ್ಲ. ಸೂಲಗಿತ್ತಿ ಒಳಗೆ ಹೋಗಿ ಅರ್ಧ ದಿನವಾದರೂ ಊರು ಸುಮ್ಮನಿದೆ ಎಂದರೆ ಜನ ತಾವೇ ಅರ್ಥ ಮಾಡಿಕೊಳ್ಳುತ್ತಿದ್ದರು. ಇನ್ನು, ಒಂದರ ಬೆನ್ನಿಗೊಂದು ಎರಡು ಈಡು ಕೇಳಿಸಿತೋ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು. ಅದು ಸಾವಿನ ಸುದ್ದಿ. ಫೋನು ಬಂದು ಎಷ್ಟೋ ಕಾಲವಾದರೂ ನಮ್ಮೂರಿನವರು ಇವತ್ತಿಗೂ ನಂಬುವುದು ಕೋವಿಯನ್ನೇ.

“ನಾನು ಹಿಂಬಾಗಿಲಿಂದ ಬಂದ ಕಳ್ಳಿ, ಯಾರಿಗೂ ಗೊತ್ತಾಗ್ದ ಹಾಗೆ ಹುಟ್ಟಿಬಿಟ್ಟೆ” ಎಂದು ಚೋಂದಮ್ಮ ನಗುತ್ತಿದ್ದಳು. ಅವಳು ನಕ್ಕರೆ ಎದುರುಗಡೆಯ ಗುಡ್ಡದ ಮನೆಯವರಿಗೂ ಕೇಳಿಸುತ್ತದೆ. ಹುಟ್ಟಿದ ದಿನದ ಸದ್ದನ್ನು ಅವಳು ಆಮೇಲೆ ಬಡ್ಡಿ ಸಮೇತ ಮಾಡಿದಳು ಎಂದು ಊರಿನ ಗಂಡಸರು ಹೇಳುವುದುಂಟು.

ಅವಳ ಅಪ್ಪ ಪೊನ್ನಪ್ಪನಿಗೆ ಅವಳೊಬ್ಬಳೇ. ಹತ್ತು ವರ್ಷವಾದಾಗ ಅವನು ಮಗಳನ್ನು ಮನೆಯ ಹಿಂದಿನ ಗದ್ದೆಗೆ ಕರೆದುಕೊಂಡು ಹೋಗಿ, ತನ್ನ ಜೋಡುನಳಿಗೆಯ ಕೋವಿಯನ್ನು ಅವಳ ಹೆಗಲಿಗೆ ಒತ್ತಿ ಹಿಡಿದು, ಉಸಿರು ಕಟ್ಟುವುದು ಹೇಗೆ, ಬಿಡುವುದು ಹೇಗೆ ಎಂದು ಕಲಿಸಿದ. ಮೊದಲನೆಯ ಈಡಿಗೆ ಅವಳು ಕೆಸರಿಗೆ ಬಿದ್ದಳು. ಮೂರನೆಯದಕ್ಕೆ ತೆಂಗಿನಕಾಯಿ ಬಿತ್ತು. ಅಪ್ಪನಿಗೆ ಒಂದು ಮಾತಿನ ಚಟವಿತ್ತು. ಕೋವಿ ಒರೆಸುವಾಗೆಲ್ಲ, “ನಿನ್ನ ಈಡು ಇನ್ನೂ ಇದರೊಳಗೇ ಇದೆ ಕುಂಞಿ” ಎನ್ನುತ್ತಿದ್ದ. ಏನು ಹಾಗೆಂದರೆ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಇದೂ ಅಪ್ಪನ ಒಂದು ತಮಾಷೆ ಎಂದು ಅವಳು ಕೇಳುವುದನ್ನೇ ಬಿಟ್ಟಳು.

ದೊಡ್ಡವಳಾಗಿ ನರ್ಸಾದಳು. ಮೂವತ್ತಾರು ವರ್ಷ ನಮ್ಮೂರಿನ ಆರೋಗ್ಯ ಕೇಂದ್ರದಲ್ಲೇ ಇದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮಾಡಿದವರಿಗೆ, “ಬಂದ ಗಂಡುಗಳಿಗೆಲ್ಲ ಇಂಜೆಕ್ಷನ್ ಅಂದ್ರೆ ಹೆದರಿಕೆ, ನಂಗೆ ಅಳೋ ಗಂಡಸರನ್ನ ಕಂಡ್ರೆ ಆಗಲ್ಲ” ಎನ್ನುತ್ತಿದ್ದಳು. ಊರಿನಲ್ಲಿ ಈಗ ನಲವತ್ತರೊಳಗಿನವರಲ್ಲಿ ಮುಕ್ಕಾಲು ಪಾಲು ಅವಳ ಕೈಯಲ್ಲೇ ಹುಟ್ಟಿದವರು. ಗಂಡಾದರೆ ಅವಳು ಕೈ ತೊಳೆಯುವುದರೊಳಗೆ ಹೊರಗೆ ಈಡು. ಹೆಣ್ಣಾದರೆ ಅವಳು ಕೈ ತೊಳೆದು, ಒರೆಸಿ, ಬ್ಯಾಗು ಕಟ್ಟಿ, ಕಾಫಿ ಕುಡಿದು ಮನೆಗೆ ಬಂದರೂ ಸದ್ದಿಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ ಬಾಣಂತಿಯ ಮುಖ ನೋಡುವುದು ಅವಳಿಗೆ ಎಂದೂ ಅಭ್ಯಾಸವಾಗಲಿಲ್ಲ.

ಅವಳಿಗೆ ಮೂವತ್ತು ದಾಟಿದಾಗ ಅಪ್ಪ ತೀರಿಕೊಂಡ. ಗಂಡು ಮಕ್ಕಳಿಲ್ಲ ಎಂದು ಅವನ ಕೋವಿ ಮಂದೇಟಂಡ ಒಕ್ಕದ, ಅಂದರೆ ಮನೆತನದ, ದೊಡ್ಡ ಮನೆಗೆ, ಅಪ್ಪನ ತಮ್ಮ ಬೆಳ್ಳಿಯಪ್ಪನ ವಶಕ್ಕೆ ಹೋಯಿತು. ಬೆಳ್ಳಿಯಪ್ಪನವರು ಈಗ ಎಂಬತ್ತನಾಲ್ಕು ವರ್ಷದ ಒಕ್ಕದ ಹಿರಿಯರು. ಪ್ರತಿವರ್ಷ ಕೈಲ್ ಪೊಳ್ದ್ ಹಬ್ಬದ ದಿನ ಒಕ್ಕದ ಕೋವಿಗಳೆಲ್ಲ ನಡುಮನೆಯಲ್ಲಿ ಸಾಲಾಗಿ ನಿಂತು, ಗಂಧ ಹಚ್ಚಿಸಿಕೊಂಡು, ಮೂತಿಗೆ ಕೆಂಪು ಹಳದಿಯ ತೋಕ್ ಹೂ ಸಿಕ್ಕಿಸಿಕೊಂಡು ಪೂಜೆ ಪಡೆಯುತ್ತವೆ. ಚೋಂದಮ್ಮ ಎಲ್ಲರ ಹಾಗೆ ಹೋಗಿ, ಅಪ್ಪನ ಕೋವಿಯ ಹಿಡಿಯನ್ನು ಒಂದು ಸಲ ಮುಟ್ಟಿ, ಕಡಂಬಿಟ್ಟು ಪಂದಿಕರಿ ತಿಂದು ಬರುತ್ತಿದ್ದಳು. ಮೂವತ್ತು ವರ್ಷ ಅಷ್ಟೇ ನಡೆಯಿತು. ಕೋವಿ ದೊಡ್ಡ ಮನೆಯಲ್ಲಿದೆ, ಬೇಕೆಂದಾಗ ಹೋಗಿ ಮುಟ್ಟಬಹುದು ಎನ್ನುವ ಸಮಾಧಾನವಿತ್ತು.

ಹೋದ ವರ್ಷ ಆ ಸಮಾಧಾನ ಹೋಯಿತು. ಈ ಹಬ್ಬ ಕಳೆದ ಮೇಲೆ ಎಲ್ಲ ಕೋವಿಗಳನ್ನೂ ಮೊಮ್ಮಗ ನಾಚಪ್ಪನ ಹೆಸರಿಗೆ ಮಾಡಿಸುತ್ತೇನೆ ಎಂದು ಬೆಳ್ಳಿಯಪ್ಪನವರು ಜೂನ್ ತಿಂಗಳಲ್ಲೇ ಸಾರಿಬಿಟ್ಟರು. ನಾಚಪ್ಪ ಒಳ್ಳೆಯ ಹುಡುಗ, ಆದರೆ ಹಳೆಯ ಕೋವಿಗಳನ್ನು ಮಾರಿ ಒಂದು ಹೊಸ ರೈಫಲ್ ತೆಗೆದುಕೊಳ್ಳುವ ಆಸೆ ಅವನಿಗಿತ್ತು. ಅದನ್ನವನು ಮುಚ್ಚಿಡಲೂ ಇಲ್ಲ. ಚೋಂದಮ್ಮ ಸ್ಕೂಟರು ಹತ್ತಿ ನೇರ ದೊಡ್ಡ ಮನೆಗೆ ಹೋದಳು.

“ಚಿಕ್ಕಪ್ಪ, ಅಪ್ಪನ ಕೋವಿ ನನ್ನ ಹೆಸರಿಗೆ ಮಾಡ್ಸಿ.”

ಬೆಳ್ಳಿಯಪ್ಪನವರು ಕಿವಿಯ ಯಂತ್ರವನ್ನು ಸರಿಮಾಡಿಕೊಂಡರು. “ನಿಂಗ್ಯಾಕೆ ಕೋವಿ?”

“ನಾಚಪ್ಪಂಗ್ಯಾಕೆ?”

“ಅವ್ನು ಗಂಡಸು.”

“ಸರ್ಕಾರದ ಕಾಗದದಲ್ಲಿ ಗಂಡಸು ಅಂತ ಎಲ್ಲಿ ಬರ್ದಿದೆ ಚಿಕ್ಕಪ್ಪ? ಲೈಸೆನ್ಸಿಲ್ದೆ ಕೋವಿ ಇಟ್ಕೊಳ್ಳೋ ಹಕ್ಕು ಕೊಡವರಿಗಿದೆ ಅಂತ ಬರ್ದಿದೆ. ನಾನು ಕೊಡವತಿ ಅಲ್ವಾ? ಅರ್ಧ ಕೊಡವತಿಯಾ? ವೋಟು ಹಾಕೋವಾಗ ನಂದು ಅರ್ಧ ವೋಟು ಅಂತ ಯಾರೂ ಹೇಳ್ಲಿಲ್ಲ.”

“ಹಕ್ಕಿರಬಹುದು. ಬೇಕು ಅಂದವರು ಯಾರು?” ಮುದುಕರು ಕುರ್ಚಿಯ ಕೈ ತಟ್ಟಿದರು. “ಇಷ್ಟು ವರ್ಷದಲ್ಲಿ ಈ ಊರಿನ ಒಬ್ಬಳಾದ್ರೂ ಬಂದು ಕೇಳಿದ್ಳಾ? ನೀನೊಬ್ಳು. ಒಬ್ಳು ಕೇಳಿದ್ರೆ ಅದು ಹಕ್ಕಲ್ಲ, ಹಟ.”

“ಎಷ್ಟು ಜನ ಕೇಳಿದ್ರೆ ಹಕ್ಕಾಗುತ್ತೆ?”

ಹೀಗೆ ಕೇಳುತ್ತಾಳೆಂದು ಅವರು ಎಣಿಸಿರಲಿಲ್ಲ. ಬಾಯಿಗೆ ಬಂದ ಲೆಕ್ಕ ಹೇಳಿದರು. “ಹತ್ತು. ಹತ್ತು ಜನ ಹೆಂಗಸರು ತಮ್ಮ ಹೆಸರಿಗೆ ಕೋವಿ ಪತ್ರ ಬೇಕು ಅಂತ ರುಜು ಹಾಕ್ಲಿ. ಕೈಲ್ ಪೊಳ್ದ್ ಒಳಗೆ. ತಂದ್ರೆ ನಿನ್ನಪ್ಪನ ಕೋವಿ ನಿಂಗೆ. ತರ್ದಿದ್ರೆ ನಾಚಪ್ಪಂಗೆ, ಆಮೇಲೆ ನನ್ನ ತಲೆ ತಿನ್ಬಾರ್ದು.”

ಹತ್ತು ಜನ ಏನು ಮಹಾ ಎಂದುಕೊಂಡು ಚೋಂದಮ್ಮ ಮಡಿಕೇರಿಗೆ ಹೋಗಿ ಲೈಸೆನ್ಸ್ ವಿನಾಯಿತಿ ಪತ್ರದ ಅರ್ಜಿಗಳನ್ನು ಒಂದು ಕಟ್ಟು ತಂದಳು. ಪೋಲಿಯೋ ಹನಿ ಹೊತ್ತು ತಿರುಗುತ್ತಿದ್ದ ಹಳೆಯ ನೀಲಿ ಚೀಲಕ್ಕೆ ಅವನ್ನು ತುಂಬಿದಳು. ಪೋಲಿಯೋಗೆ ಒಂದು ಮನೆ ಬಿಡದೆ ಹತ್ತಿಳಿದವಳು, ಇದಕ್ಕೂ ಹಾಗೇ ಹೊರಟಳು.

ಮೊದಲನೆಯ ಮನೆಯಲ್ಲಿ ಕಾಫಿ ಸಿಕ್ಕಿತು, ರುಜು ಸಿಗಲಿಲ್ಲ. ಅರ್ಜಿಗೆ ಹಚ್ಚುವ ಫೋಟೋವನ್ನು ಕೋವಿ ಹಿಡಿದೇ ತೆಗೆಸಬೇಕೇ, ಹಾಗಿದ್ದರೆ ತಲೆಗೆ ಬಣ್ಣ ಹಚ್ಚಿಕೊಂಡ ಮೇಲೆ ಹೇಳುತ್ತೇನೆ ಎಂದಳು ಆ ಮನೆಯವಳು. ಎರಡನೆಯವಳು ಕೋವಿಯಲ್ಲಿ ಸಣ್ಣ ಸೈಜು ಬರುತ್ತದೆಯೇ ಎಂದು ಕೇಳಿದಳು. ಇನ್ನೊಬ್ಬಳು ಎಲ್ಲವನ್ನೂ ತಲೆದೂಗಿ ಕೇಳಿ, ಪೆನ್ನು ಕೈಗೆ ತೆಗೆದುಕೊಂಡು, ಗಂಡನನ್ನು ಕೂಗಿ, “ರೀ, ನಂಗೆ ಕೋವಿ ಬೇಕಾ?” ಎಂದಳು. ಬೇಡ ಎಂದು ಒಳಗಿನಿಂದ ಉತ್ತರ ಬಂತು. ಪೆನ್ನು ವಾಪಸು ಬಂತು. ಚೋಂದಮ್ಮ ನಗಬೇಕೋ ಅಳಬೇಕೋ ತಿಳಿಯದೆ ಇನ್ನೊಂದು ಲೋಟ ಕಾಫಿ ಕೇಳಿದಳು.

ಕೂಡುರಸ್ತೆಯಲ್ಲಿ ಅಂಗಡಿ ಇಟ್ಟ ಕುಟ್ಟಪ್ಪನಿಗೆ ಇದೊಂದು ದೊಡ್ಡ ಮೋಜಾಯಿತು. ಅವಳ ಸ್ಕೂಟರು ಕಂಡರೆ ಸಾಕು, ಎರಡು ಕೈ ಮೇಲೆತ್ತಿ ನಿಲ್ಲುತ್ತಿದ್ದ.

“ಸಿಸ್ಟರೇ, ಹೊಡೀಬೇಡಿ, ಹೆಂಡ್ತಿ ಮಕ್ಕಳಿದ್ದಾರೆ! ಅಲ್ಲ, ಹೆಂಗಸರ ಕೈಗೆ ಕೋವಿ ಕೊಟ್ರೆ ಮೊದಲು ಗಂಡಂದಿರೇ ಹೋಗ್ತಾರಲ್ಲ?”

“ನಿನ್ನನ್ನ ಮುಗಿಸೋಕೆ ಕೋವಿ ಯಾಕೋ ಕುಟ್ಟಪ್ಪ? ದಿನಾ ಮೂರು ಹೊತ್ತು ಅವಳ ಕೈಯಲ್ಲೇ ಉಣ್ತೀಯಲ್ಲ. ಇಷ್ಟು ವರ್ಷ ಬದುಕಿದ್ದೀಯ ಅಂದ್ರೆ ಅವಳು ಒಳ್ಳೆಯವಳು ಅಂತ ತಿಳ್ಕೋ.”

ಒಳಗೆ ಸಾಮಾನು ಕಟ್ಟುತ್ತಿದ್ದ ಕುಟ್ಟಪ್ಪನ ಹೆಂಡತಿ ಅದನ್ನು ಕೇಳಿ ಹೊರಗೆ ಬಂದು ಅಲ್ಲೇ ಸಕ್ಕರೆ ಮೂಟೆಯ ಮೇಲಿಟ್ಟು ರುಜು ಹಾಕಿದಳು. ಅದು ಮೊದಲನೆಯದು. ಕುಟ್ಟಪ್ಪ ಎತ್ತಿದ ಕೈ ಇಳಿಸುವುದನ್ನೇ ಮರೆತ.

ಜುಲೈಯ ಮಳೆಯಲ್ಲಿ ನಾಟಿ ನಡೆಯಿತು, ಯಾರಿಗೂ ಪುರುಸೊತ್ತಿಲ್ಲ. ಆಗಸ್ಟಿನಲ್ಲಿ ಅವಳು ದಾರಿ ಬದಲಿಸಿದಳು. ಕೊಡುವುದು ಕಾಗದವಾದರೆ ಹೆಂಗಸರು ಗಂಡನ ಮುಖ ನೋಡುತ್ತಾರೆ, ಕೋವಿಯನ್ನೇ ಕೈಗೆ ಕೊಟ್ಟರೆ ನೋಡುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಯಾರಿಂದಲೋ ಒಂದು ಏರ್‌ಗನ್ ಎರವಲು ತಂದು, ತನ್ನ ಅಂಗಳದ ಬೇಲಿಯ ಮೇಲೆ ಖಾಲಿ ಹಾರ್ಲಿಕ್ಸ್ ಡಬ್ಬ ಸಾಲಾಗಿಟ್ಟು, ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ ಎಂದು ಕರೆದಳು. ಪಂದಿಕರಿ ಎಂದ ಕೂಡಲೇ ಒಂಬತ್ತು ಜನ ಬಂದರು. ಉಂಡ ಮೇಲೆ ಡಬ್ಬಕ್ಕೆ ಹೊಡೆದರು. ಗುಂಡುಗಳು ಬೇಲಿಗೆ, ಬಾಳೆಗೆ, ಒಗೆದು ಹಾಕಿದ್ದ ಚೋಂದಮ್ಮನ ಬೆಡ್‌ಶೀಟಿಗೆ ಬಿದ್ದವು. ಕಡೆಗೆ ಒಂದು ಡಬ್ಬ ಟಣ್ ಎಂದು ಹಾರಿದಾಗ ಎದ್ದ ಕೂಗಿಗೆ ಕೊಟ್ಟಿಗೆಯ ದನ ಹಗ್ಗ ಕಿತ್ತುಕೊಂಡಿತು. ಅವತ್ತು ಐದು ರುಜು ಬಿತ್ತು. ಒಟ್ಟು ಆರು.

ಆಮೇಲೆ ನಿಂತುಹೋಯಿತು. ಏನು ಮಾಡಿದರೂ ಏಳನೆಯದು ಬರಲಿಲ್ಲ.

ಅವಳು ಹೆಚ್ಚು ಆಸೆ ಇಟ್ಟುಕೊಂಡಿದ್ದು ದೊಡ್ಡ ಮನೆಯ ಮುತ್ತವ್ವನ ಮೇಲೆ. ಮುತ್ತವ್ವ ಬೆಳ್ಳಿಯಪ್ಪನವರ ಸೊಸೆ, ನಾಚಪ್ಪನ ತಾಯಿ. ಮದುವೆಯಾಗಿ ಬಂದಾಗಿನಿಂದ ಒಕ್ಕದ ಕೋವಿಗಳನ್ನೆಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹಾಕುವವಳು ಅವಳೇ. ಕೋವಿಗೆ ತುಂಬುವ ತೋಟೆಗಳಿರುವ ಪೆಟ್ಟಿಗೆಯ ಬೀಗದ ಕೈಯೂ ಅವಳ ಸೊಂಟದಲ್ಲೇ. ಆದರೆ ಒಂದು ಈಡು ಹೊಡೆದವಳಲ್ಲ.

“ನಿಂಗೆ ಗೊತ್ತಿರೋಷ್ಟು ಕೋವಿ ಈ ಮನೆ ಗಂಡಸರಿಗೆ ಗೊತ್ತಿಲ್ಲ” ಎಂದಳು ಚೋಂದಮ್ಮ. “ಒಂದು ರುಜು ಹಾಕೇ.”

“ಮಾವ ಕೂತಿರೋ ಮನೇಲಿ ಹೇಗೆ ಹಾಕ್ಲಿ ಅಕ್ಕ? ನಾಳೆಯಿಂದ ಅವರಿಗೆ ನಾನು ಕಾಫಿ ಕೊಡೋವಾಗ ಮುಖ ಎಲ್ಲಿಡ್ಲಿ?”

“ಮುಖ ಇದ್ದಲ್ಲೇ ಇರ್ಲಿ. ಕಾಫಿ ಕೆಳಗಿಡು.”

ಮುತ್ತವ್ವ ನಕ್ಕಳು, ರುಜು ಮಾತ್ರ ಹಾಕಲಿಲ್ಲ. ಚೋಂದಮ್ಮ ಅವತ್ತು ಮನೆಗೆ ಬಂದು, ಸ್ಕೂಟರು ನಿಲ್ಲಿಸಿ, ಅದರ ಮೇಲೇ ಬಹಳ ಹೊತ್ತು ಕುಳಿತಿದ್ದಳು. ಅಪ್ಪನ ಕೋವಿಯನ್ನು ಯಾರೋ ಗುರುತಿಲ್ಲದವನು ಹೆಗಲಿಗೆ ಹಾಕಿಕೊಂಡು ಹೋಗುವುದು ಅವಳ ಕಣ್ಣಿಗೆ ಕಟ್ಟಿತು.

ಹಬ್ಬಕ್ಕೆ ಎರಡು ದಿನ ಉಳಿದಿತ್ತು. ನಾಚಪ್ಪನ ಹೆಂಡತಿ ಭೂಮಿಕಾಳಿಗೆ ನೋವು ಶುರುವಾಗಿ ಬೆಳಿಗ್ಗೆಯೇ ವಿರಾಜಪೇಟೆಯ ಆಸ್ಪತ್ರೆಗೆ ಸೇರಿಸಿದ್ದರು. ನಾಚಪ್ಪ, ಅವನಪ್ಪ ಎಲ್ಲ ಅಲ್ಲೇ. ಮುತ್ತವ್ವ ಮಾವನಿಗೆ ಅನ್ನ ಹಾಕಲೆಂದು ಮನೆಯಲ್ಲಿ ಉಳಿದಿದ್ದಳು, ಒಬ್ಬಳಿಗೇ ಕೈಕಾಲು ಆಡದೆ ಚೋಂದಮ್ಮನನ್ನು ಕರೆಸಿಕೊಂಡಿದ್ದಳು. ಅವಳಿ ಮಕ್ಕಳು ಎಂದು ಮೊದಲೇ ಗೊತ್ತಿತ್ತು. ಮುದುಕರು ಊಟ ಮಾಡಿ, ಕಿವಿಯ ಯಂತ್ರ ತೆಗೆದಿಟ್ಟು, ಜಗಲಿಯ ಆರಾಮ ಕುರ್ಚಿಯಲ್ಲಿ ಮುಖದ ಮೇಲೆ ಬಿಳಿ ಟವೆಲು ಹೊದ್ದು ಮಲಗಿದ್ದರು. ನೊಣದ ಕಾಟಕ್ಕೆ ಅದು ಅವರ ದಿನನಿತ್ಯದ ಏರ್ಪಾಡು.

ಎರಡೂವರೆಗೆ ಫೋನು ಬಂತು. ಮುತ್ತವ್ವ ಕೇಳಿಸಿಕೊಂಡಳು, ಹೂಂ ಎಂದಳು, ಇನ್ನೊಂದು ಸಲ ಹೂಂ ಎಂದಳು, ಫೋನು ಇಟ್ಟಳು.

“ಎರಡೂ ಹೆಣ್ಣಂತೆ. ಮೂರೂ ಜೀವ ಚೆನ್ನಾಗಿದೆಯಂತೆ.”

“ಸದ್ಯ!” ಎಂದಳು ಚೋಂದಮ್ಮ. “ತೂಕ ಎಷ್ಟಂತೆ?”

ಮುತ್ತವ್ವ ತೂಕ ಹೇಳಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸಿದಳು. ಅವಳಿಗೆ ನಾಚಪ್ಪನಿಗಿಂತ ದೊಡ್ಡವರು ಇಬ್ಬರು ಹೆಣ್ಣು ಮಕ್ಕಳು, ಇಬ್ಬರನ್ನೂ ಹೆರಿಸಿದ್ದು ಚೋಂದಮ್ಮನೇ.

“ನೆನಪಿದೆಯಾ ಅಕ್ಕ? ಎರಡು ಸಲ ಇದೇ ಮನೇಲಿ ಮಲ್ಕೊಂಡು ಆ ಸದ್ದಿಲ್ಲದ್ದನ್ನ ಕೇಳಿದ್ದೀನಿ ನಾನು. ಹೊರಗೆ ಎಲ್ಲರೂ ಇದ್ರು. ಯಾರೂ ಕೆಮ್ಮಲೂ ಇಲ್ಲ.” ಅವಳು ಸೊಂಟದಿಂದ ಬೀಗದ ಕೈ ತೆಗೆದಳು. “ಮೂರನೇ ಸಲ ಕೇಳೋಕೆ ನನ್ನ ಕೈಲಾಗಲ್ಲ.”

ಹಬ್ಬಕ್ಕೆಂದು ಎಣ್ಣೆ ಹಾಕಿದ ಕೋವಿಗಳು ನಡುಮನೆಯಲ್ಲೇ ಇದ್ದವು. ಮುತ್ತವ್ವ ಸಾಲಿನಿಂದ ಪೊನ್ನಪ್ಪನ ಜೋಡುನಳಿಗೆಯನ್ನೇ ಆರಿಸಿ ತೆಗೆದಳು. ಇಬ್ಬರೂ ಹಿಂದಿನ ಅಂಗಳಕ್ಕೆ ಹೋದರು. ಚೋಂದಮ್ಮ ನಳಿಗೆ ಬಗ್ಗಿಸಿ ಎರಡು ತೋಟೆ ತುಂಬಿದಳು. ಐವತ್ತು ವರ್ಷದ ಹಿಂದೆ ಅಪ್ಪ ಒತ್ತಿ ಹಿಡಿದ ಜಾಗದಲ್ಲೇ ಕೋವಿಯ ಹಿಡಿ ಬಂದು ಕೂತಿತು. ಆಕಾಶಕ್ಕೆ ಹಿಡಿದು ಒಂದು ಹೊಡೆದಳು. ಕಾಡಿನ ಕಡೆಯಿಂದ ಅದರ ಸದ್ದು ತಿರುಗಿ ಬರುವುದರೊಳಗೆ ಕೋವಿಯನ್ನು ಮುತ್ತವ್ವನ ಹೆಗಲಿಗಿಟ್ಟು, ಬೆನ್ನಿಗೆ ಅಂಗೈ ಕೊಟ್ಟು, “ಇದು ಚಿಕ್ಕವಳದ್ದು, ಎಳಿ” ಎಂದಳು. ಮುತ್ತವ್ವ ಕಣ್ಣು ಮುಚ್ಚಿ ಎಳೆದಳು.

ಆಮೇಲೆ ಇಬ್ಬರೂ ತಬ್ಬಿಕೊಂಡು ಮಕ್ಕಳ ಹಾಗೆ ಕುಣಿದರು. ಮುತ್ತವ್ವ ಒಳಗೆ ಓಡಿ ಪಾಯಸಕ್ಕೆ ಹಾಲಿಟ್ಟಳು. ಊರಿನ ಪ್ರತಿಯೊಂದು ಈಡಿನ ಅರ್ಥ ಗೊತ್ತಿದ್ದ ಚೋಂದಮ್ಮ, ಮೂವತ್ತಾರು ವರ್ಷ ಈಡು ಎಣಿಸಿಕೊಂಡೇ ಬದುಕಿದ ಚೋಂದಮ್ಮ, ಏಲಕ್ಕಿ ಸುಲಿಯುತ್ತಾ ಕೂತಳು. ಎರಡು ಮಕ್ಕಳು, ಎರಡು ಈಡು, ಲೆಕ್ಕ ಸರಿಯಾಗಿತ್ತು. ಅದರಾಚೆಗೆ ಇಬ್ಬರಿಗೂ ತಲೆ ಓಡಲಿಲ್ಲ.

ಊರಿನ ತಲೆ ಓಡಿತು. ಮಂದೇಟಂಡ ಮನೆಯಿಂದ ಒಂದರ ಬೆನ್ನಿಗೊಂದು ಎರಡು ಈಡು! ಆ ಮನೆಯಲ್ಲಿ ಸಾಯುವ ವಯಸ್ಸಿನವರು ಇರುವುದು ಒಬ್ಬರೇ. ತೋಟದಲ್ಲಿದ್ದವರು ಕತ್ತಿ ಇಟ್ಟು ಹೊರಟರು. ಹೆಂಗಸರು ಬಿಳಿ ಸೀರೆ ಹುಡುಕಿ ಉಟ್ಟರು. ಕುಟ್ಟಪ್ಪ ಅಂಗಡಿಯ ಬಾಗಿಲೆಳೆದು, ಗೋಣಿಕೊಪ್ಪಕ್ಕೆ ಫೋನು ಮಾಡಿ ಶವ ಇಡುವ ಐಸ್ ಪೆಟ್ಟಿಗೆಯ ಗಾಡಿಗೆ ಹೇಳಿದ, ಎರಡು ಹಾರಕ್ಕೂ ಹೇಳಿದ. ಅವನು ಎಷ್ಟು ತಮಾಷೆಗಾರನೋ ಸಾವಿನ ಮನೆಯಲ್ಲಿ ಅಷ್ಟೇ ಕೆಲಸಗಾರ.

ಎಲ್ಲರಿಗಿಂತ ಮೊದಲು ಮುಟ್ಟಿದವಳು ಆಚೆಮನೆಯ ಅಕ್ಕವ್ವ. ಎಪ್ಪತ್ತೆಂಟು ವಯಸ್ಸು, ಅಳುವುದರಲ್ಲಿ ನಾಲ್ಕೂರಿಗೆ ಹೆಸರು. ಜಗಲಿ ಹತ್ತಿ ನೋಡಿದಳು. ಆರಾಮ ಕುರ್ಚಿ, ಚಾಚಿದ ಕಾಲು, ಮುಖದ ಮೇಲೆ ಬಿಳಿ ಬಟ್ಟೆ. ಇನ್ನೇನು ಬೇಕು? ಕಾಲ ಬುಡದಲ್ಲಿ ಕುಕ್ಕರಿಸಿ ಶುರುಮಾಡಿದಳು.

“ಅಯ್ಯೋ ಬೆಳ್ಳಿಯಪ್ಪಣ್ಣಾ, ಹೋಗಿಬಿಟ್ಟೆಯಾ! ಒಂದು ದಿನ ಯಾರ ಮನೆ ಬಾಗಿಲಿಗೂ ಹೋದವನಲ್ಲ! ಅಷ್ಟು ದೊಡ್ಡ ಕಿತ್ತಳೆ ಮರ ಇದ್ರೂ ಒಂದು ಹಣ್ಣು ಕೊಟ್ಟವನಲ್ಲ! ನನ್ನ ಬೇಲಿ ಎರಡು ಮೊಳ ಒತ್ತಿ ಹಾಕಿದೆಯಲ್ಲಣ್ಣಾ, ಹೋಗ್ಲಿ ಬಿಡು, ಇವತ್ತು ಮರ್ತೆ! ಎದ್ದು ಬಾರಣ್ಣಾ, ಬೇಲಿ ಇನ್ನೆರಡು ಮೊಳ ಒತ್ಕೋ!”

ಹಿಂದೆ ಬಂದವರು ತಲೆ ತಗ್ಗಿಸಿ ನಿಂತರು. ಅಂಗಳ ತುಂಬುತ್ತಿತ್ತು. ಅಕ್ಕವ್ವ ದುಃಖ ತಡೆಯಲಾರದೆ, ಅದನ್ನೇ ಮತ್ತೆ ಮತ್ತೆ ಹೇಳಿ ಅಳುತ್ತಾ, ಕಾಲು ಹಿಡಿದು ಅಲ್ಲಾಡಿಸಿದಳು. ಟವೆಲು ಜಾರಿತು. ಬೆಳ್ಳಿಯಪ್ಪನವರು ಕಣ್ಣು ಬಿಟ್ಟು, ಕಿವಿಯ ಯಂತ್ರ ಸಿಕ್ಕಿಸಿಕೊಂಡು, ಕೊನೆಯ ಸಾಲನ್ನಷ್ಟೇ ಕೇಳಿಸಿಕೊಂಡು ಹೇಳಿದರು:

“ಯಾವ ಬೇಲಿ?”

ಅಕ್ಕವ್ವ ಕೂಗಿದ ಕೂಗಿಗೆ ಹಿಂದಿನ ಅಡುಗೆಮನೆಯಲ್ಲಿದ್ದ ಇಬ್ಬರೂ ಓಡಿ ಬಂದರು. ಚೋಂದಮ್ಮನ ಕೈಯಲ್ಲಿ ಏಲಕ್ಕಿ, ಮುತ್ತವ್ವನ ಕೈಯಲ್ಲಿ ಸೌಟು. ಅಂಗಳದ ತುಂಬ ಬಿಳಿ ಸೀರೆ ಕಂಡಾಗಷ್ಟೇ ಚೋಂದಮ್ಮನಿಗೆ ತಾವು ಮಾಡಿದ್ದು ಏನೆಂದು ತಲೆಗೆ ಹೋಯಿತು.

“ಯಾರು ಸತ್ತದ್ದು?” ಎಂದು ಮುದುಕರು ಕೇಳಿದರು.

ಎಲ್ಲರೂ ಕುಟ್ಟಪ್ಪನನ್ನು ಮುಂದೆ ತಳ್ಳಿದರು. ಅವನು, “ನೀವೇ ಅಜ್ಜ” ಎಂದ. “ಎರಡು ಈಡು ಕೇಳಿಸ್ತು. ಐಸ್ ಪೆಟ್ಟಿಗೆ ಗಾಡಿ ಹೊರಟಾಯ್ತು. ವಾಪಸ್ ಕಳಿಸ್ಲಾ, ಇಲ್ಲ...” ಎಂದು ನಿಲ್ಲಿಸಿದ.

“ಇಲ್ಲ ಅಂದ್ರೆ? ನಾನು ಹತ್ತಿ ಕೂರ್ಲಾ?” ಮುದುಕರ ಮುಖ ಕೆಂಪಾಯಿತು. “ಬದುಕಿರೋ ಮನುಷ್ಯನಿಗೆ ಸಾವಿನ ಈಡು ಹೊಡೆದವರು ಯಾರು?”

“ನಾನು” ಎಂದಳು ಚೋಂದಮ್ಮ.

“ನಾನು” ಎಂದಳು ಮುತ್ತವ್ವ. ಸೌಟು ಕೆಳಗಿಟ್ಟಳು, ಮುಖ ಇದ್ದಲ್ಲೇ ಇತ್ತು. “ಒಂದು ಅಕ್ಕ, ಒಂದು ನಾನು. ಸಾವಿಗಲ್ಲ ಮಾವ. ನಾಚಪ್ಪಂಗೆ ಅವಳಿ ಹೆಣ್ಣು ಮಕ್ಕಳು. ಒಂದೊಂದಕ್ಕೆ ಒಂದೊಂದು ಹೊಡೆದ್ವಿ.”

ಅಂಗಳದಲ್ಲಿ ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಹಿಡಿಯುವವರಿಲ್ಲದೆ ಎಲ್ಲರೂ ನಗತೊಡಗಿದರು, ಸಾವಿಗೆಂದು ಬಂದ ಬಿಳಿ ಸೀರೆಯವರೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಕ್ಕರು. ನಗದೆ ಇದ್ದವರು ಬೆಳ್ಳಿಯಪ್ಪನವರೊಬ್ಬರೇ. ಅವರು ಚೋಂದಮ್ಮನನ್ನೇ ನೋಡುತ್ತಿದ್ದರು.

“ಯಾವ ಕೋವೀಲಿ ಹೊಡೆದದ್ದು?”

“ಅಪ್ಪನದ್ದರಲ್ಲಿ.”

ಮುದುಕರು ಟವೆಲನ್ನು ನಿಧಾನವಾಗಿ ಮಡಚಿ ಹೆಗಲಿಗೆ ಹಾಕಿಕೊಂಡರು. ನಗು ತಾನಾಗಿ ಇಳಿಯಿತು. ಕಡೆಗೆ, “ಎಷ್ಟಾಯ್ತು ನಿನ್ನ ರುಜು?” ಎಂದರು.

ಚೋಂದಮ್ಮ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಆರು, ಚಿಕ್ಕಪ್ಪ.”

“ಏಳು” ಎಂದಳು ಮುತ್ತವ್ವ. ಚೋಂದಮ್ಮ ಜಗಲಿಯ ಮೂಲೆಗಿಟ್ಟಿದ್ದ ನೀಲಿ ಚೀಲಕ್ಕೆ ಕೈ ಹಾಕಿ ತಾನೇ ಒಂದು ಅರ್ಜಿ ತೆಗೆದಳು, ಮಾವನ ಎದುರಿಗೇ ಜಗಲಿಯ ಕಂಬಕ್ಕೊತ್ತಿ ರುಜು ಹಾಕಿದಳು.

ಅಕ್ಕವ್ವ ಕಣ್ಣೊರೆಸಿಕೊಂಡು ಎದ್ದಳು. “ನಂದೂ ಬರ್ಕೋ. ಇಷ್ಟು ದೂರ ಬಂದು, ಅಷ್ಟು ಅತ್ತು, ಯಾರೂ ಸಾಯ್ಲಿಲ್ಲ ಅಂದ್ರೆ ಸುಮ್ನೆ ವಾಪಸ್ ಹೋಗೋದು ಹೇಗೆ? ಬೇಲಿ ವಿಷಯ ಇನ್ಮೇಲೆ ಕೋವಿ ಹಿಡ್ಕೊಂಡೇ ಮಾತಾಡ್ತೀನಿ.”

“ಎಂಟು” ಎಂದರು ಬೆಳ್ಳಿಯಪ್ಪನವರು. “ಇವತ್ತು ಹುಟ್ಟಿದವು ಎರಡು. ಹತ್ತು.”

“ಅವಕ್ಕೆ ರುಜು ಹಾಕೋಕೆ ಬರಲ್ಲ ಅಜ್ಜ” ಎಂದ ಕುಟ್ಟಪ್ಪ.

“ನಿಂಗೆ ಬರುತ್ತಾ? ಸುಮ್ನಿರು.” ಅವರು ಕೈ ಚಾಚಿದರು. “ಮುತ್ತವ್ವ, ಆ ಕೋವಿ ತಾ. ಒಂದು ತೋಟೆಯೂ ತಾ. ಎರಡಕ್ಕೇ ನಿಲ್ಸಿದ್ರೆ ನಾನು ಸತ್ತ ಹಾಗೇ. ಇನ್ನೊಂದು ಹೊಡೀಬೇಕು.”

ಕೋವಿ ಬಂತು. ಮುದುಕರು ಅದನ್ನು ಮಡಿಲಲ್ಲಿಟ್ಟುಕೊಂಡರು, ಹಿಡಿಯ ಮೇಲೆ ಕೈಯಾಡಿಸಿದರು. ಚೋಂದಮ್ಮ ತೋಟೆ ತುಂಬಲು ಬಗ್ಗಿದಾಗ ಅವಳ ಮಣಿಕಟ್ಟು ಹಿಡಿದರು.

“ನೀನು ಹುಟ್ಟಿದ ದಿನ ನಿನ್ನಪ್ಪ ಇದಕ್ಕೆ ತೋಟೆ ಹಾಕ್ಕೊಂಡು ಅಂಗಳಕ್ಕೆ ಬಂದ. ಹೆಣ್ಣಿಗೆ ಹೊಡೀಬಾರ್ದು ಅಂತ ಹಿರಿಯರು ಹೇಳಿದ್ರು. ಅವ್ನು ಕೇಳ್ಲಿಲ್ಲ. ಹೋಗಿ ಕಿತ್ಕೋ ಅಂತ ನಂಗಂದ್ರು. ಇಪ್ಪತ್ಮೂರು ವಯಸ್ಸು ನಂಗೆ, ಅಣ್ಣನ ಕೈಯಿಂದ ಕಿತ್ಕೊಂಡೆ. ಈ ಕೈಯಲ್ಲೇ ತೋಟೆ ಹೊರಗೆ ತೆಗ್ದೆ.” ಅವರು ಕೋವಿಯ ಹಿಡಿ ತಟ್ಟಿದರು. “ಅವ್ನು ಒಂದು ಮಾತೂ ಆಡ್ಲಿಲ್ಲ. ಸಾಯೋವರೆಗೂ ಆಡ್ಲಿಲ್ಲ.”

ನಿನ್ನ ಈಡು ಇನ್ನೂ ಇದರೊಳಗೇ ಇದೆ ಕುಂಞಿ. ಅಪ್ಪ ಕೋವಿ ಒರೆಸುತ್ತಾ ಕೂತಿದ್ದ ಜಾಗ, ಎಣ್ಣೆಯ ವಾಸನೆ, ಅವನ ಹೆಬ್ಬೆರಳು, ಎಲ್ಲ ಒಟ್ಟಿಗೇ ಚೋಂದಮ್ಮನ ಮುಂದೆ ಬಂದು ನಿಂತವು. ತಮಾಷೆಯಾಗಿರಲಿಲ್ಲ ಅದು.

“ಈ ಈಡು ನಾನು ಬದುಕಿದ್ದೀನಿ ಅಂತ ಊರಿಗೆ ಹೇಳೋಕಲ್ಲ” ಎಂದರು ಮುದುಕರು. “ಅದು ಈ ಅಕ್ಕವ್ವ ಹೇಳ್ಕೊಂಡು ಬರ್ತಾಳೆ. ಎಬ್ಬಿಸು ನನ್ನ.”

ಮುತ್ತವ್ವ ಒಂದು ತೋಳು, ಚೋಂದಮ್ಮ ಒಂದು ತೋಳು ಹಿಡಿದು ಅವರನ್ನು ಅಂಗಳಕ್ಕೆ ಇಳಿಸಿದರು. ಜನ ಹಿಂದೆ ಸರಿದು ಜಾಗ ಬಿಟ್ಟರು. ಚೋಂದಮ್ಮ ತೋಟೆ ತುಂಬಿ ಕೋವಿಯನ್ನು ಅವರ ಹೆಗಲಿಗಿಟ್ಟಳು, ನಳಿಗೆಯ ಕೆಳಗೆ ತನ್ನ ಅಂಗೈ ಕೊಟ್ಟು ಅದನ್ನು ಆಕಾಶಕ್ಕೆತ್ತಿ ಹಿಡಿದಳು. ಬೆಳ್ಳಿಯಪ್ಪನವರು ಎಳೆದರು. ಸದ್ದು ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಕಿತ್ತಳೆ ಮರದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು.

ಆಚೆ ಗುಡ್ಡದ ತೋಟದಲ್ಲಿ ಯಾರೋ ಗಟ್ಟಿಯಾಗಿ ಕೂಗಿ ಕೇಳಿದರು, “ಯಾರಿಗೆ ಏನು ಹುಟ್ಟಿತು?”

ಕುಟ್ಟಪ್ಪ ಬಾಯಿಗೆ ಎರಡು ಕೈ ಅಡ್ಡ ಹಿಡಿದು ಉತ್ತರ ಕೊಟ್ಟ: “ಮಂದೇಟಂಡ ಪೊನ್ನಪ್ಪಂಗೆ ಹೆಣ್ಣು!”

ಹೆರುವ ಮನೆಗಳಲ್ಲಿ ಮೂವತ್ತಾರು ವರ್ಷ ಎಲ್ಲರನ್ನೂ ಅಳಬೇಡ ಎಂದು ಗದರಿಸಿದ್ದ ಚೋಂದಮ್ಮ, ಅಪ್ಪನ ಕೋವಿಯನ್ನು ಎದೆಗೊತ್ತಿ ಹಿಡಿದು, ಅಷ್ಟು ಜನರ ನಡುವೆ ನಿಂತು ಜೋರಾಗಿ ಅತ್ತಳು. ಅಕ್ಕವ್ವ ಬಂದು ಅವಳ ಪಕ್ಕ ನಿಂತು, ಹೇಗೂ 
ಬಂದದ್ದಾಗಿದೆ ಎಂದು, ತಾನೂ ಸ್ವಲ್ಪ ಅತ್ತಳು.